‘ಇನರ್ಟ್’ ಎಂದರೆ ಸೋಮಾರಿಯೇ?

ಪುಣೆಯ ಭೋಸರಿ ಕಡೆಯ ವೆಲ್ಡಿಂಗ್ ಶಾಪ್‌ಗಳಲ್ಲಿ ಆರ್ಗಾನ್ ಸಿಲಿಂಡರ್‌ಗಳು ಕಾಣಸಿಗುತ್ತವೆ. ಹೈಸ್ಕೂಲಿನಲ್ಲಿ ನಾವು ‘ಜಡಾನಿಲ’ ಎಂದು ಉರು ಹೊಡೆದದ್ದು ಇದನ್ನೇ. ಇಂಗ್ಲಿಷಿನಲ್ಲಿ ‘ಇನರ್ಟ್ ಗ್ಯಾಸ್’. ಯಾರೊಂದಿಗೂ ಸುಲಭಕ್ಕೆ ಬೆರೆಯದೆ, ತಾನಾಯಿತು ತನ್ನ ಪಾಡಾಯಿತು ಎಂದಿರುವ ಅನಿಲ.

ಈ ‘ಇನರ್ಟ್’ನ ಬೇರು ಲ್ಯಾಟಿನ್ನಿನ ‘ಇನರ್ಸ್’. ‘ಇನ್’ ಅಂದರೆ ಇಲ್ಲದ, ‘ಆರ್ಸ್’ ಅಂದರೆ ಕಲೆ, ಕುಶಲತೆ. ‘ಆರ್ಟ್’ ಹುಟ್ಟಿದ್ದೂ ಅಲ್ಲಿಂದಲೇ. ಹಾಗಾಗಿ ಇನರ್ಟ್ ಎಂದರೆ ಮೂಲದಲ್ಲಿ ಕೆಲಸ ಬಾರದವನು! ಬಾರದವನು ಮಾಡದವನಾಗಿ, ಕೊನೆಗೆ ಅಲುಗದ ವಸ್ತುವಾಗಿ ಅರ್ಥ ಜಾರುತ್ತ ಬಂತು. ಇಂಗ್ಲಿಷಿಗೆ ಬಂದದ್ದು 17ನೇ ಶತಮಾನದಲ್ಲಿ. ಕೆಪ್ಲರ್ ‘ಇನರ್ಷಿಯಾ’ವನ್ನು, ಅಂದರೆ ನಮ್ಮ ‘ಜಡತ್ವ’ವನ್ನು, ಭೌತಶಾಸ್ತ್ರಕ್ಕೆ ತಂದದ್ದೂ ಅದೇ ಶತಮಾನದಲ್ಲಿ.

ಆರ್ಗಾನ್ ಎಂಬ ಹೆಸರಂತೂ ನೇರ ಬೈಗುಳ. ಗ್ರೀಕಿನಲ್ಲಿ ‘ಆರ್ಗೋಸ್’ ಎಂದರೆ ಕೆಲಸಗೇಡಿ. 1785ರಲ್ಲಿ ಕ್ಯಾವೆಂಡಿಶ್ ಗಾಳಿಯ ಮೇಲೆ ಪ್ರಯೋಗ ಮಾಡಿದಾಗ ಏನು ಮಾಡಿದರೂ ಕರಗದ ಒಂದು ಪುಟ್ಟ ಗುಳ್ಳೆ ಉಳಿದಿತ್ತು. ಅದೇನೆಂದು ತಿಳಿಯಲು 1894ರವರೆಗೆ, ರೇಲಿ ಮತ್ತು ರ‍್ಯಾಮ್ಸೆ ಬರುವವರೆಗೆ, ಕಾಯಬೇಕಾಯಿತು. ನಾವು ಉಸಿರಾಡುವ ಗಾಳಿಯಲ್ಲಿ ಅದು ಶೇ 0.93ರಷ್ಟಿದೆ. ವೆಲ್ಡಿಂಗ್‌ನಲ್ಲಿ ಕರಗಿದ ಲೋಹಕ್ಕೆ ಆಮ್ಲಜನಕ ತಾಗದಂತೆ ಕಾವಲು ನಿಲ್ಲುವುದು ಈ ‘ಕೆಲಸಗೇಡಿ’ಯೇ.

ನಮ್ಮ ಕಸುಬಿನಲ್ಲೂ ಈ ಪದವಿದೆ. ಎಚ್‌ಟಿಎಂಎಲ್‌ನಲ್ಲಿ ಪುಟದ ಒಂದು ಭಾಗಕ್ಕೆ ‘ಇನರ್ಟ್’ ಎಂದು ಸೇರಿಸಿದರೆ ಅಲ್ಲಿನ ಯಾವ ಬಟನ್ನೂ ಕ್ಲಿಕ್ಕಿಗೆ ಜಗ್ಗುವುದಿಲ್ಲ. ಪಾಪ್‌ಅಪ್ ತೆರೆದಾಗ ಹಿಂದಿನ ಪುಟವನ್ನು ಹೀಗೆ ಸುಮ್ಮನಿರಿಸುತ್ತೇವೆ. 2023ರಿಂದ ಎಲ್ಲ ಪ್ರಮುಖ ಬ್ರೌಸರ್‌ಗಳಲ್ಲೂ ಇದು ನಡೆಯುತ್ತದೆ. ಆ ಒಂದು ಪದ ತೆಗೆದರೆ ಸಾಕು, ಬಟನ್‌ಗಳು ಮೊದಲಿನಂತೆ ಕೆಲಸ ಮಾಡುತ್ತವೆ. ಅವಕ್ಕೆ ಕೆಲಸ ಬಾರದೆಂದಲ್ಲ, ಯಾರೋ ತಡೆದಿದ್ದರು ಅಷ್ಟೆ.

ಇಷ್ಟೆಲ್ಲ ಹುಡುಕಲು ಕಾರಣ ಒಂದು ಅಪ್ರೈಸಲ್. ನಮ್ಮ ಟೀಮಿನಲ್ಲಿ ಕೊಳ್ಳೇಗಾಲದ ಹುಡುಗನೊಬ್ಬನಿದ್ದಾನೆ. ಮೀಟಿಂಗ್‌ಗಳು ಅರ್ಧ ಹಿಂದಿ, ಅರ್ಧ ಮರಾಠಿಯಲ್ಲಿ ನಡೆಯುತ್ತವೆ. ಅವನಿಗೆ ಎರಡೂ ಬಾರವು. ಬಾಯಿ ತೆರೆಯುವುದಿಲ್ಲ. ಆದರೆ ರಾತ್ರಿ ಸರ್ವರ್ ಬಿದ್ದರೆ ಮೊದಲು ಎದ್ದು ಕೂರುವವನು ಅವನೇ. ಮ್ಯಾನೇಜರ್ ಅವನ ಬಗ್ಗೆ ಬರೆದ ವಿಶೇಷಣ ‘ಇನರ್ಟ್’.

ಇದು ಸರಿಯಲ್ಲ ಸರ್, ಕಮಿಟ್‌ಗಳನ್ನು ನೋಡಿ ಎಂದು ನಾನು ಹೇಳಿದೆ. ನೋಡಿದರು. ‘ಇನರ್ಟ್’ ಹೊಡೆದುಹಾಕಿ ‘ಕ್ವಯಟ್’ ಎಂದು ತಿದ್ದಿದರು. ರೇಟಿಂಗ್ ಮಾತ್ರ ಹಾಗೆಯೇ ಉಳಿಯಿತು.