ಸ್ಪೋರ್ಟ್ಸ್ ಕಾರಿನ ಒಳಗಣ ಸದ್ದು

ಇಟಲಿಯ ಭಾಷೆಯಲ್ಲಿ 'ಗ್ರಾನ್ ಟುರಿಸ್ಮೊ' ಎಂದರೆ ದೊಡ್ಡ ಪ್ರವಾಸ. ಹದಿನೇಳು ಹದಿನೆಂಟನೆಯ ಶತಮಾನಗಳಲ್ಲಿ ಇಂಗ್ಲೆಂಡಿನ ಸಿರಿವಂತ ಮನೆತನಗಳ ತರುಣರು ವಿದ್ಯಾಭ್ಯಾಸದ ಕಡೆಯ ಮೆಟ್ಟಿಲೆಂದು ಫ್ರಾನ್ಸು ಇಟಲಿಗಳಲ್ಲಿ ಕೈಗೊಳ್ಳುತ್ತಿದ್ದ 'ಗ್ರಾಂಡ್ ಟೂರ್' ಎಂಬ ಸಂಚಾರವು ಸಾಹಿತ್ಯಾಭ್ಯಾಸಿಗಳಿಗೆ ಪರಿಚಿತವಾದುದೇ ಆಗಿದೆ. ಇಪ್ಪತ್ತನೆಯ ಶತಮಾನದಲ್ಲಿ ಆ ಮಾತು ಮೋಟಾರು ಗಾಡಿಗಳಿಗೆ ಸಂದಿತು. ೧೯೫೧ರಲ್ಲಿ ಹೊರಬಂದ ಲಾಂಚಿಯ ಔರೇಲಿಯ ಬಿ ೨೦ ಎಂಬ ಕಾರು 'ಜಿಟಿ' ಎಂಬ ಎರಡಕ್ಷರಗಳನ್ನು ಪ್ರಸಿದ್ಧಿಗೆ ತಂದ ಮೇಲೆ ಅದನ್ನು ಬಳಸದ ತಯಾರಕರೇ ವಿರಳವಾದರು. ಈ ಹೆಸರಿನೊಳಗೆ ಎರಡು ಬೇಡಿಕೆಗಳು ಅಡಗಿವೆ. ಗಾಡಿಯು ಪಂದ್ಯದ ಗಾಡಿಯಂತೆ ಓಡಬೇಕು. ಅದರಲ್ಲಿ ಕುಳಿತು ಹೊರಟವರಿಗೆ ಸಂಜೆ ಊರು ಸೇರಿದಾಗ ಉಂಡು ಮಾತನಾಡುವಷ್ಟು ಚೈತನ್ಯವೂ ಉಳಿದಿರಬೇಕು. ಇವೆರಡಕ್ಕೂ ಇರುವ ವಿರೋಧವು ಎಲ್ಲಕ್ಕಿಂತ ನಿಚ್ಚಳವಾಗಿ ತೋರುವುದು ಗಾಡಿಯ ಒಳಗಣ ಸದ್ದಿನಲ್ಲಿ.

ಮೊದಲನೆಯ ಬೇಡಿಕೆಯನ್ನು ಮಾತ್ರ ಪೂರೈಸಿದರೆ ಆಗುವುದೇನೆಂಬುದಕ್ಕೆ ೧೯೫೫ರ ಮಿಲೆ ಮಿಲ್ಯ ಪಂದ್ಯವು ಒಳ್ಳೆಯ ನಿದರ್ಶನ. ಬ್ರೆಷಿಯದಿಂದ ರೋಮಿಗೆ ಹೋಗಿ ಮರಳಿ ಬರುವ ಸುಮಾರು ೧,೬೦೦ ಕಿಲೋಮೀಟರು ದಾರಿಯನ್ನು ಸ್ಟರ್ಲಿಂಗ್ ಮಾಸ್ ಎಂಬ ಆಂಗ್ಲ ಚಾಲಕನು ಮರ್ಸಿಡಿಸ್ ೩೦೦ ಎಸ್‌ಎಲ್‌ಆರ್ ಕಾರಿನಲ್ಲಿ ೧೦ ಗಂಟೆ ೭ ನಿಮಿಷ ೪೮ ಸೆಕೆಂಡುಗಳಲ್ಲಿ ಕ್ರಮಿಸಿ ಗೆದ್ದನು. ಅವನ ಪಕ್ಕದಲ್ಲಿ ಕುಳಿತಿದ್ದವನು ಡೆನಿಸ್ ಜೆಂಕಿನ್ಸನ್ ಎಂಬ ಪತ್ರಿಕಾ ಲೇಖಕ. ದಾರಿಯ ತಿರುವುಗಳನ್ನೆಲ್ಲ ಉದ್ದವಾದ ಕಾಗದದ ಸುರುಳಿಯ ಮೇಲೆ ಬರೆದು, ಸುರುಳಿಯನ್ನು ಪೆಟ್ಟಿಗೆಯೊಂದರಲ್ಲಿ ಅಳವಡಿಸಿ, ಬಿಚ್ಚುತ್ತ ಓದುತ್ತ ಮುಂದಿನ ತಿರುವನ್ನು ಚಾಲಕನಿಗೆ ತಿಳಿಸುವುದು ಅವನ ಕೆಲಸ. ಆದರೆ ಆ ತೆರೆದ ಗಾಡಿಯ ಅಬ್ಬರದಲ್ಲಿ ಬಾಯಿಮಾತು ನಡೆಯುವಂತಿರಲಿಲ್ಲ. ಆದುದರಿಂದ ಇಬ್ಬರೂ ಕೈಸನ್ನೆಗಳನ್ನು ಗೊತ್ತುಮಾಡಿಕೊಂಡು ಅಭ್ಯಾಸಮಾಡಿದ್ದರು. ಮಾತಿನಿಂದಲೇ ಜೀವಿಸುವವನೊಬ್ಬನು ಹತ್ತು ಗಂಟೆಗಳ ಕಾಲ ಮೂಕನಾಗಿ ಕುಳಿತು ಭಾಷೆಯ ಕೆಲಸವನ್ನು ಬೆರಳುಗಳಿಂದ ನಡೆಸಬೇಕಾಯಿತು. ಪಂದ್ಯಕ್ಕೆ ಇದು ಸಲ್ಲುತ್ತದೆ, ಪ್ರವಾಸಕ್ಕೆ ಸಲ್ಲದು.

ಗಾಡಿಯ ಸದ್ದು ಒಂದೇ ವಸ್ತುವಲ್ಲ. ಕನ್ನಡದಲ್ಲಿ ಸದ್ದು, ದನಿ, ನಾದ, ಮೊರೆತ, ಗದ್ದಲ ಎಂದು ಮಾತುಗಳು ಬೇರೆಬೇರೆಯಾಗಿರುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ. (ಆಲಂಕಾರಿಕರ 'ಧ್ವನಿ'ಯನ್ನು ಈ ಪ್ರಸಂಗದಲ್ಲಿ ದೂರವಿಡುವುದು ಕ್ಷೇಮ.) ಕಂಪನಗಳು ಕ್ರಮವಾಗಿ ಮರುಕಳಿಸಿದರೆ ಕಿವಿಗೆ ನಾದ, ಕ್ರಮವಿಲ್ಲದೆ ಕಲಸಿಕೊಂಡರೆ ಗದ್ದಲ. ಇಂಜಿನಿನಿಂದ ಹುಟ್ಟುವುದು ಬಹುಮಟ್ಟಿಗೆ ನಾದ. ಟಯರಿನಿಂದಲೂ ಗಾಳಿಯಿಂದಲೂ ಹುಟ್ಟುವುದು ಬಹುಮಟ್ಟಿಗೆ ಗದ್ದಲ.

ಇಂಜಿನಿನ ಲೆಕ್ಕ ಸುಲಭ. ಸಾಮಾನ್ಯವಾದ ನಾಲ್ಕು ಹೊಡೆತದ ಇಂಜಿನಿನಲ್ಲಿ ಪ್ರತಿಯೊಂದು ಸಿಲಿಂಡರೂ ಎರಡು ಸುತ್ತಿಗೆ ಒಮ್ಮೆ ಉರಿಯುತ್ತದೆ. ನಿಮಿಷಕ್ಕೆ ೨,೫೦೦ ಸುತ್ತು ತಿರುಗುವ ನಾಲ್ಕು ಸಿಲಿಂಡರಿನ ಇಂಜಿನು ಸೆಕೆಂಡಿಗೆ ಸುಮಾರು ೮೩ ಸಲ ಉರಿದರೆ, ಅದೇ ವೇಗದಲ್ಲಿ ಹನ್ನೆರಡು ಸಿಲಿಂಡರಿನದು ೨೫೦ ಸಲ ಉರಿಯುತ್ತದೆ. ಸಿಲಿಂಡರು ಹೆಚ್ಚಿದಷ್ಟೂ ಶ್ರುತಿ ಏರುತ್ತದೆಂದು ಇದರಿಂದ ತಿಳಿಯುವುದಷ್ಟೆ. ಈ ಲೆಕ್ಕದ ಪಕ್ಕದಲ್ಲಿ ಇನ್ನೊಂದನ್ನಿಡಬೇಕು. ಎರಡು ಮೀಟರು ಉದ್ದದ ಮುಚ್ಚಿದ ಕೋಣೆಗೆ ತನ್ನದೇ ಆದ ಒಂದು ಶ್ರುತಿಯುಂಟು. ಅದು ಸೆಕೆಂಡಿಗೆ ಸುಮಾರು ೮೫ ಕಂಪನ. ಕಾರಿನ ಒಳಾಂಗಣವೂ ಅಂತಹುದೊಂದು ಕೋಣೆಯೇ. ಹೆದ್ದಾರಿಯಲ್ಲಿ ಒಂದೇ ಸಮನೆ ಓಡುವಾಗ ಇಂಜಿನಿನ ಶ್ರುತಿಯೂ ಕೋಣೆಯ ಶ್ರುತಿಯೂ ಕೂಡಿಬಿಟ್ಟರೆ ತಂಬೂರಿಯ ಬುರುಡೆಯೊಳಗೆ ಕುಳಿತಂತೆ ತಲೆಯೊಳಗೆಲ್ಲ ಗುಂಯ್‌ಗುಡುವ ಮೊರೆತವೊಂದು ಹುಟ್ಟಿ, ಗಂಟೆಗಟ್ಟಲೆ ಬಿಡದೆ ಕಾಡುತ್ತದೆ. ಇದಕ್ಕೆ ಒಂದು ಮದ್ದು ಹೊಗೆಗೊಳವೆಯ ಪಕ್ಕಕ್ಕೆ ತುದಿ ಮುಚ್ಚಿದ ಕವಲುಗೊಳವೆಯೊಂದನ್ನು ಸೇರಿಸುವುದು. ಆ ಕವಲಿನ ಉದ್ದವು ಅಲೆಯ ಉದ್ದದ ನಾಲ್ಕನೆಯ ಒಂದು ಪಾಲಾಗಿದ್ದರೆ, ಒಳಹೊಕ್ಕು ಮರಳಿದ ಅಲೆಯು ಅರ್ಧ ಅಲೆಯಷ್ಟು ಹಿಂದೆ ಬಿದ್ದು ಮೂಲದ ಅಲೆಯನ್ನು ಎದುರಿಸಿ ಅಳಿಸುತ್ತದೆ.

ಟಯರಿನ ಗದ್ದಲ ಬಗೆಹರಿಯುವುದು ಇಷ್ಟು ಸುಲಭವಲ್ಲ. ವೇಗದ ಕಾರಿಗೆ ಅಗಲವಾದ, ಪಕ್ಕದ ಗೋಡೆ ಗಿಡ್ಡವೂ ಬಿಗಿಯೂ ಆದ ಟಯರು ಬೇಕು. ರಸ್ತೆಯ ಉಬ್ಬುತಗ್ಗುಗಳನ್ನು ಮೈಗೆ ಮುಟ್ಟಿಸುವುದರಲ್ಲಿ ಅಂತಹ ಟಯರು ಬಹಳ ಪ್ರಾಮಾಣಿಕ. ಚಕ್ರವನ್ನು ಹಿಡಿದ ತೋಳುಗಳ ಕೀಲುಗಳಲ್ಲಿ ಮೆತ್ತನೆಯ ರಬ್ಬರು ಬುಷ್‌ಗಳನ್ನಿಟ್ಟರೆ ಕಂಪನ ಅಲ್ಲೇ ಅಡಗುತ್ತದೆ. ಆದರೆ ಸ್ಟಿಯರಿಂಗಿನ ಖಚಿತತೆಯೂ ಅದರೊಡನೆ ಅಡಗುತ್ತದೆ. ಪಂದ್ಯದ ಗಾಡಿಗಳಲ್ಲಿ ರಬ್ಬರಿಗೆ ಬದಲು ಲೋಹದ ಗುಂಡುಕೀಲುಗಳನ್ನೇ ಹಾಕುವುದು ಈ ಕಾರಣದಿಂದ. ಇದಲ್ಲದೆ ಟಯರಿನೊಳಗೆ ತುಂಬಿದ ಗಾಳಿಯ ಬಳೆಯೂ ಸೆಕೆಂಡಿಗೆ ಸುಮಾರು ೨೦೦ ಕಂಪನಗಳ ತನ್ನದೊಂದು ಗುನುಗನ್ನು ಸೇರಿಸುತ್ತದೆ.

ಗಾಳಿಯ ಸದ್ದು ಮೂರರಲ್ಲಿ ಅತ್ಯಂತ ಹಟಮಾರಿ. ಕನ್ನಡಿ, ಕಂಬ, ಬಾಗಿಲಂಚುಗಳನ್ನು ತಾಗಿ ಗಾಳಿ ಸಿಡಿದು ಹುಟ್ಟುವ ಈ ಸದ್ದಿನ ಶಕ್ತಿಯು ವೇಗದ ಆರನೆಯ ಘಾತದಂತೆ ಬೆಳೆಯುತ್ತದೆ. ವೇಗ ಇಮ್ಮಡಿಯಾದರೆ ಸದ್ದಿನ ಶಕ್ತಿ ಅರುವತ್ತನಾಲ್ಕು ಮಡಿ. ಡೆಸಿಬೆಲಿನ ಮಾನದಲ್ಲಿ ೧೮ರ ಏರಿಕೆ. ಹತ್ತು ಡೆಸಿಬೆಲ್ ಏರಿದರೆ ಶಕ್ತಿ ಹತ್ತು ಮಡಿಯಾದರೂ ಕಿವಿಗೆ ಸದ್ದು ಸುಮಾರು ಇಮ್ಮಡಿಯಾದಂತೆ ಮಾತ್ರ ತೋರುತ್ತದೆ. ಕಿವಿಯ ಈ ಔದಾರ್ಯವಿಲ್ಲದಿದ್ದರೆ ವೇಗಪ್ರಯಾಣವೇ ಅಸಾಧ್ಯವಾಗುತ್ತಿತ್ತು. ಊರೊಳಗೆ ಟಯರಿನ ಸದ್ದಿನ ಹಿಂದೆ ಅಡಗಿರುವ ಗಾಳಿಯು ಗಂಟೆಗೆ ೧೦೦ ಕಿಲೋಮೀಟರು ದಾಟಿದ ಮೇಲೆ ಕ್ರಮೇಣ ಯಜಮಾನನಾಗುವುದು ಈ ನಿಯಮದ ಫಲ.

ಹೆದ್ದಾರಿಯಲ್ಲಿ ಸಾಮಾನ್ಯ ಕಾರಿನ ಒಳಗೆ ೭೦ ಡೆಸಿಬೆಲಿನ ಆಸುಪಾಸಿನ ಸದ್ದಿರುತ್ತದೆ. ಕೆಲಸದ ಸ್ಥಳಗಳಲ್ಲಿ ಎಂಟು ಗಂಟೆಗಳ ಅವಧಿಗೆ ಎಚ್ಚರಿಕೆಯ ಗೆರೆಯೆಂದು ಹೇಳುವುದು ೮೫ ಡೆಸಿಬೆಲ್. ಹಾಗಾದರೆ ಕಿವಿಗೇ ಅಪಾಯವಿಲ್ಲದ ಮಟ್ಟದಲ್ಲಿ ಪ್ರಯಾಣಿಕನು ದಣಿಯುವುದೇಕೆ? ಇದಕ್ಕೆ ಉತ್ತರವನ್ನು ಭಾಷೆಯ ಕಡೆಯಿಂದ ಹುಡುಕಿದರೆ ವಿಷಯ ಹೆಚ್ಚು ತಿಳಿಯಾಗುತ್ತದೆ. ಮಾತಿನಲ್ಲಿ ಸ್ವರಗಳು ಬಲವಾದವು, ಅವುಗಳ ಶಕ್ತಿ ಕೆಳಗಿನ ಶ್ರುತಿಗಳಲ್ಲಿದೆ. ವ್ಯಂಜನಗಳು, ಅದರಲ್ಲಿಯೂ ಸಕಾರ ಶಕಾರ ತಕಾರ ಪಕಾರಗಳಂಥವು, ದುರ್ಬಲವಾದವು. ಅವುಗಳ ಗುರುತು ಮೇಲಿನ ಶ್ರುತಿಗಳಲ್ಲಿದೆ. ಗಾಳಿಯ ಸುಯ್ಯುವಿಕೆಯು ನೇರವಾಗಿ ಆ ಮೇಲಿನ ಶ್ರುತಿಗಳನ್ನು ಮುಚ್ಚುತ್ತದೆ. ಕೆಳಗಿನ ಮೊರೆತವು ಬಲವಾದರೆ ತನಗಿಂತ ಮೇಲಿನ ಶ್ರುತಿಗಳನ್ನೂ ನುಂಗುತ್ತದೆ. ಹೀಗೆ ಸ್ವರಗಳು ಉಳಿದು ವ್ಯಂಜನಗಳು ಅಳಿದ ಮಾತು ಪಕ್ಕದವನನ್ನು ಮುಟ್ಟುತ್ತದೆ. ಅಕ್ಷರ ಲೋಪವಾದ ಹಳೆಯ ಓಲೆಯನ್ನು ಓದುವವನಂತೆ ಕೇಳುವವನು ಪ್ರತಿಯೊಂದು ಮಾತನ್ನೂ ಊಹೆಯಿಂದ ತುಂಬಿಕೊಳ್ಳಬೇಕು. ಹೇಳುವವನಾದರೋ ತನಗರಿಯದೆಯೇ ದನಿಯನ್ನೇರಿಸುತ್ತಾನೆ; ಗದ್ದಲದಲ್ಲಿ ಮನುಷ್ಯನು ಹೀಗೆ ಮಾಡುವುದನ್ನು ಎಟಿಯೆನ್ ಲೊಂಬಾರ್ ಎಂಬ ಫ್ರೆಂಚ್ ವೈದ್ಯನು ೧೯೧೧ರಲ್ಲಿ ವರ್ಣಿಸಿದನು. ಎರಡು ಗಂಟೆಗಳ ಬಳಿಕ ಇಬ್ಬರೂ ಸುಮ್ಮನಾಗುತ್ತಾರೆ. ಒಂಟಿಯಾಗಿ ಹೋಗುವ ಚಾಲಕನಿಗೂ ಈ ದಣಿವು ತಪ್ಪಿದ್ದಲ್ಲ, ಏಕೆಂದರೆ ಅರ್ಥವಿಲ್ಲದ ಸದ್ದನ್ನು ಕೇಳದಿರುವುದಕ್ಕೂ ಮನಸ್ಸು ದುಡಿಯಬೇಕಾಗುತ್ತದೆ.

ಇಂಜಿನಿನ ನಾದಕ್ಕೆ ಅರ್ಥವಿದೆ. ಅದು ಕಾಲಿನ ಒತ್ತಡಕ್ಕೆ ಉತ್ತರ ಕೊಡುತ್ತದೆ. ಗೇರು ಬದಲಿಸುವ ಹೊತ್ತನ್ನು ಮುಳ್ಳು ನೋಡದೆಯೇ ತಿಳಿಸುತ್ತದೆ. ಟಯರಿನ ಗದ್ದಲವೂ ಗಾಳಿಯ ಗದ್ದಲವೂ ಹೀಗೆ ಯಾವ ಪ್ರಶ್ನೆಗೂ ಉತ್ತರವಲ್ಲ. ಆದುದರಿಂದ ದೂರಪ್ರಯಾಣದ ವೇಗಗಾಡಿಯಲ್ಲಿ ಮಾಡಬೇಕಾದುದು ಮೌನವನ್ನು ತರುವುದಲ್ಲ. ಗ್ರಂಥಸಂಪಾದಕನು ಪ್ರಕ್ಷಿಪ್ತವನ್ನು ತೆಗೆದು ಮೂಲವನ್ನು ಉಳಿಸುವಂತೆ ಆಯ್ಕೆ ಮಾಡುವುದು. ಭಾರವಾದ ಹಾಸು ಹೊದಿಕೆಗಳಿಂದ ಎಲ್ಲವನ್ನೂ ಮುಚ್ಚಿಬಿಡುವ ದಾರಿ ಇಲ್ಲಿ ಸಾಗದು. ತಡೆಗೋಡೆಯ ತೂಕ ಇಮ್ಮಡಿಯಾದರೆ ದಾಟುವ ಸದ್ದು ಇಳಿಯುವುದು ಹೆಚ್ಚೆಂದರೆ ೬ ಡೆಸಿಬೆಲ್. ತೂಕವೋ ಸ್ಪೋರ್ಟ್ಸ್ ಕಾರಿನ ಹುಟ್ಟುಶತ್ರು.

ಈ ಶತ್ರುವಿನೊಡನೆ ರಾಜಿಯಿಲ್ಲದೆ ಹೋರಾಡಿದ ಗಾಡಿ ೧೯೮೭ರ ಫೆರಾರಿ ಎಫ್ ೪೦. ಅದರ ನೆಲಕ್ಕೆ ಹಾಸಿಲ್ಲ, ಸಂಗೀತದ ಯಂತ್ರವಿಲ್ಲ. ಬಾಗಿಲನ್ನು ಒಳಗಿನಿಂದ ತೆರೆಯುವುದಕ್ಕೆ ಹಿಡಿಯಿಲ್ಲದೆ ಒಂದು ತಂತಿ ಮಾತ್ರ ಉಂಟು. ಕಾರ್ಬನ್ ಫೈಬರಿನ ತೆಳು ಹಲಗೆಗಳು ಹಗುರವೂ ಬಿಗಿಯೂ ಆಗಿರುವುದರಿಂದಲೇ ಸದ್ದನ್ನು ತಡೆಯುವುದರಲ್ಲಿ ಬಡವಾಗಿವೆ. ಐದು ವರ್ಷಗಳ ತರುವಾಯ, ೧೯೯೨ರಲ್ಲಿ, ಗಾರ್ಡನ್ ಮರಿ ಎಂಬ ವಿನ್ಯಾಸಕಾರನು ರೂಪಿಸಿದ ಮೆಕ್‌ಲಾರೆನ್ ಎಫ್ ೧ ಕಾಣಿಸಿಕೊಂಡಿತು. ಅದರ ಚೌಕಟ್ಟೂ ಕಾರ್ಬನ್ ಫೈಬರೇ, ತೂಕವೂ ಹೆಚ್ಚುಕಡಿಮೆ ಅಷ್ಟೇ. ಆದರೆ ಚಾಲಕನು ನಡುವೆ, ಇಬ್ಬರು ಅವನ ಹಿಂದೆ ಎಡಬಲಗಳಲ್ಲಿ ಕೂರುವ ಮೂರು ಆಸನ, ಸಾಮಾನಿಗೆ ಪಕ್ಕೆಗಳಲ್ಲಿ ಗೂಡು, ತಂಪುಗಾಳಿಯ ಏರ್ಪಾಡು ಎಲ್ಲವೂ ಅದಕ್ಕುಂಟು. ಅದು ಪ್ರವಾಸವನ್ನು ಮರೆತ ಗಾಡಿಯಲ್ಲ.

ಸದ್ದಿನ ಆಯ್ಕೆಯ ಬಗೆಯೂ ಇಲ್ಲಿ ಗಮನಿಸತಕ್ಕುದು. ಇಂಜಿನಿಗೆ ಗಾಳಿ ಒದಗಿಸುವ ಬಾಯನ್ನು ಚಾಲಕನ ತಲೆಯ ಮೇಲೆ, ಮಾಳಿಗೆಯಲ್ಲಿ, ಇರಿಸಲಾಯಿತು. ಇದೇ ವಿನ್ಯಾಸಕಾರನು ೨೦೨೦ರಲ್ಲಿ ಪ್ರಕಟಿಸಿದ ಟಿ ೫೦ ಎಂಬ ಗಾಡಿಯಲ್ಲಿ ಈ ಉಪಾಯ ಇನ್ನೂ ಮುಂದುವರಿದಿದೆ. ಹನ್ನೆರಡು ಸಿಲಿಂಡರಿನ, ನಿಮಿಷಕ್ಕೆ ೧೨,೧೦೦ ಸುತ್ತಿನವರೆಗೆ ಏರುವ ಅದರ ಇಂಜಿನು ಉಸಿರೆಳೆಯುವ ಕಾಲುವೆಯ ಕಾರ್ಬನ್ ಗೋಡೆಯ ದಪ್ಪವನ್ನು ಹದಮಾಡಿ, ಮಾಳಿಗೆಯೇ ಮದ್ದಳೆಯ ತೊಗಲಿನಂತೆ ನುಡಿಯುವ ಹಾಗೆ ಮಾಡಲಾಗಿದೆ. ಇದರ ಜಾಣ್ಮೆಯಿರುವುದು ಒಂದು ಸಣ್ಣ ಸಂಗತಿಯಲ್ಲಿ. ಆಕ್ಸಿಲರೇಟರನ್ನು ನಸುವಾಗಿ ಒತ್ತಿದಾಗ ಗಾಳಿಯ ದಾರಿಯಲ್ಲಿರುವ ತಟ್ಟೆಗಳು ಬಹುಮಟ್ಟಿಗೆ ಮುಚ್ಚಿರುತ್ತವೆ. ಸಿಲಿಂಡರುಗಳ ಮಿಡಿತ ಅವನ್ನು ದಾಟಿ ಹೊರಬರಲಾರದು. ಪೂರ್ತಿ ಒತ್ತಿದಾಗ ತಟ್ಟೆಗಳು ತೆರೆದು ನಾದ ಹೊರಹೊಮ್ಮುತ್ತದೆ. ಹೆದ್ದಾರಿಯಲ್ಲಿ ಸಮನಾಗಿ ಓಡುವವನಿಗೆ ಅದು ಸುಮ್ಮನಿರುತ್ತದೆ, ಬೆಟ್ಟದ ದಾರಿಯಲ್ಲಿ ಕರೆದವನಿಗೆ ಓಗೊಡುತ್ತದೆ. ಹೊಗೆಗೊಳವೆಗಳಲ್ಲಿ ತೆರೆದು ಮುಚ್ಚುವ ಕವಾಟವನ್ನಿಟ್ಟು ಸೈಲೆನ್ಸರನ್ನು ಬೇಕಾದಾಗ ಬಳಸಿ ಹೋಗುವ ಏರ್ಪಾಡೂ ಇದೇ ಜಾತಿಯದು. ೨೦೧೦ರಿಂದ ೨೦೧೨ರವರೆಗೆ ತಯಾರಾದ ಲೆಕ್ಸಸ್ ಎಲ್‌ಎಫ್‌ಎ ಗಾಡಿಯಲ್ಲಿ ಯಮಹಾದವರ ನೆರವಿನಿಂದ ಇಂಜಿನಿನ ನಾದವನ್ನು ಕೊಳವೆಗಳ ಮೂಲಕ ಒಳಕ್ಕೆ ತಂದುದನ್ನೂ ಇವುಗಳ ಸಾಲಿಗೆ ಸೇರಿಸಬಹುದು.

ವಿದ್ಯುತ್ತಿನ ನೆರವು ಬೇರೊಂದು ಬಗೆಯದು. ಸದ್ದಿಗೆ ಎದುರಾದ ಸದ್ದನ್ನು ನುಡಿಸಿ ಎರಡನ್ನೂ ಅಳಿಸುವ ತತ್ತ್ವಕ್ಕೆ ಪಾಲ್ ಲೂಗ್ ಎಂಬ ಜರ್ಮನನು ೧೯೩೬ರಲ್ಲಿಯೇ ಅಮೆರಿಕದ ಹಕ್ಕುಪತ್ರ ಪಡೆದಿದ್ದನು. ಅಲೆ ಉದ್ದವಾಗಿರುವ ಕೆಳಗಿನ ಶ್ರುತಿಗಳಲ್ಲಿ ಈ ಉಪಾಯ ಫಲಿಸುತ್ತದೆ. ಗಾಳಿಯ ಸುಯ್ಯುವಿಕೆಯ ಮುಂದೆ ನಿಲ್ಲದು, ತಲೆ ಬೆರಳಗಲ ಸರಿದರೂ ಲೆಕ್ಕ ತಪ್ಪುತ್ತದೆ. ಧ್ವನಿಪೆಟ್ಟಿಗೆಗಳು ಅಳಿಸಬಲ್ಲವಾದರೆ ಸೇರಿಸಲೂ ಬಲ್ಲವು. ಹೊಗೆಯ ಬಲದಿಂದ ತಿರುಗುವ ಟರ್ಬೊ ಚಕ್ರವು ಇಂಜಿನಿನ ಮಿಡಿತವನ್ನು ಮಂಕುಮಾಡುವುದರಿಂದ, ೨೦೧೧ರ ಬಿಎಂಡಬ್ಲ್ಯು ಎಂ ೫ ಕಾರಿನಲ್ಲಿ ಇಂಜಿನಿನ ದನಿಯನ್ನು ಸಂಗೀತದ ಯಂತ್ರದಿಂದಲೇ ನುಡಿಸಲಾಯಿತು. ಆ ದನಿ ಇಂಜಿನಿನ ವೇಗವನ್ನು ಅನುಸರಿಸುತ್ತದೆಂಬುದು ನಿಜ. ಆದರೂ ಅದು ವ್ಯಾಖ್ಯಾನಕಾರನು ಮೂಲದೊಳಕ್ಕೆ ತೂರಿಸಿದ ಪಂಕ್ತಿಯಂತೆ, ಎಷ್ಟು ಸೊಗಸಾಗಿದ್ದರೂ ಮೂಲವಲ್ಲ.

ಇಂಜಿನೇ ಇಲ್ಲದ ವೇಗಗಾಡಿಗಳು ಬಂದ ಮೇಲೆ ಪ್ರಶ್ನೆಯ ರೂಪ ಬದಲಾಗಿದೆ. ೨೦೧೯ರಲ್ಲಿ ಪೋರ್ಷೆಯವರು ಟೈಕಾನ್ ಎಂಬ ವಿದ್ಯುತ್ ಗಾಡಿಯನ್ನು ಹೊರತಂದಾಗ ಬೇಕಾದವರಿಗೆ ಕೃತಕ ನಾದವನ್ನೂ ಒದಗಿಸಿದರು. ಇಂಜಿನಿನ ನಾದ ಹೋದರೆ ಪ್ರಯಾಣ ತಾನಾಗಿ ಹಿತವಾಗುವುದೆಂದು ಊಹಿಸುವುದು ಸರಿಯಲ್ಲ. ಆ ನಾದದ ಮರೆಯಲ್ಲಿದ್ದ ಟಯರೂ ಗಾಳಿಯೂ ಈಗ ಬಯಲಿಗೆ ಬಂದಿವೆ. ಮೊದಲು ಕಿವಿಗೆ ಬೀಳದಿದ್ದ ಬಾಗಿಲಂಚಿನ ಸಿಳ್ಳು ಈಗ ಬೀಳುತ್ತದೆ. ಟಯರಿನ ಒಳಮೈಗೆ ಸ್ಪಂಜಿನ ಪಟ್ಟಿಯನ್ನು ಅಂಟಿಸಿ ೨೦೦ ಕಂಪನಗಳ ಗುನುಗನ್ನು ತಗ್ಗಿಸುವುದು ಇಂತಹ ಗಾಡಿಗಳಲ್ಲಿ ಬಳಕೆಗೆ ಬಂದಿದೆ. ಪಕ್ಕದ ಕಿಟಕಿಗಳಿಗೆ ನಡುವೆ ಪೊರೆಯಿಟ್ಟ ಎರಡು ಪದರದ ಗಾಜನ್ನು ಹಾಕುವುದೂ ಉಂಟು. ಇಷ್ಟಾದ ಮೇಲೂ ಗಾಳಿಯ ಪಾಲು ಉಳಿಯುತ್ತದೆ. ಆರನೆಯ ಘಾತದ ನಿಯಮದಂತೆ, ೧೨೦ ಕಿಲೋಮೀಟರು ವೇಗದಲ್ಲಿ ಹೋಗುವವನು ೧೦೦ಕ್ಕೆ ಇಳಿದರೆ ಅದರ ಶಕ್ತಿ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.