ಬಿದ್ದ ಮಳೆ ಹೋಯಿತೆಲ್ಲಿ?

ಮಾರ್ಗಶಿರ ಮಾಸದಲ್ಲಿ ವಿಜಯಪುರ ಜಿಲ್ಲೆಯ ಎರೆಹೊಲಗಳ ನಡುವೆ ನಡೆದುಹೋಗುವವರಿಗೆ ಒಂದು ಅಚ್ಚರಿ ಕಾಣುವುದು. ಆಕಾಶದಲ್ಲಿ ಮೋಡವಿಲ್ಲ, ಅನೇಕ ಹೊಲಗಳಿಗೆ ಕಾಲುವೆಯೂ ಇಲ್ಲ, ಆದರೂ ಬಿಳಿಜೋಳವು ಹಸುರಾಗಿ ನಿಂತಿರುವುದು. ಈ ಪೈರು ಕುಡಿಯುವ ನೀರು ಎಲ್ಲಿಯದು? ಮಳೆಗಾಲದ ನೀರನ್ನು ಕರಿಮಣ್ಣಿನ ಅತಿಸೂಕ್ಷ್ಮ ಜೇಡಿಕಣಗಳು ಹಿಡಿದಿಟ್ಟುಕೊಂಡಿವೆ. ಆ ತೇವವೇ ಹಿಂಗಾರಿ ಬೆಳೆಯ ಬಂಡವಾಳ.

ಆದರೆ ಈ ಬಂಡವಾಳವನ್ನು ನಂಬಿ ಬಾಳುವುದು ಸುಲಭವಲ್ಲ. ಇಲ್ಲಿಯ ತರುಣ ತರುಣಿಯರ ಆಸೆ ಅತಿಯಾದುದೇನಲ್ಲ: ಓದು ನಡುವೆ ನಿಲ್ಲಬಾರದು, ವರ್ಷವಿಡೀ ಕೆಲಸವಿರಬೇಕು, ಮನೆಯು ಸಾಲದಿಂದ ಮುಕ್ತವಾಗಿರಬೇಕು. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಅಂತಹ ವರ್ಷದಲ್ಲಿ ಮನೆಮಂದಿ ಗುಳೆ ಹೊರಟರೆ ಮೊದಲು ಮುಚ್ಚುವುದು ಮಕ್ಕಳ ಪುಸ್ತಕವೇ.

ನಾವೊಂದು ಲೆಕ್ಕ ಮಾಡೋಣ. ಒಂದು ಎಕರೆಯ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರಾಗುತ್ತದೆ. ಈ ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ ಸುಮಾರು 600 ಮಿಲಿಮೀಟರ್. ಅಂದರೆ ಎಕರೆಗೆ 24 ಲಕ್ಷ ಲೀಟರ್! ಇದರಲ್ಲಿ ಒಂದು ಪಾಲು ಮೇಲ್ಮಣ್ಣನ್ನೂ ಕೊಚ್ಚಿಕೊಂಡು ಹಳ್ಳವನ್ನು ಸೇರುವುದು; ಇನ್ನೊಂದು ಪಾಲು ಬಿಸಿಲಿಗೆ ಆವಿಯಾಗುವುದು; ಉಳಿದುದಷ್ಟೇ ಬೆಳೆಗೆ.

ಈ ನಷ್ಟವನ್ನು ತಗ್ಗಿಸುವ ಉಪಾಯಗಳುಂಟು. ಇಳಿಜಾರಿಗೆ ಅಡ್ಡಲಾಗಿ ಒಡ್ಡು ಹಾಕಿ, ಹೊಲವನ್ನು ಚಿಕ್ಕ ಚೌಕಮಡಿಗಳಾಗಿ ವಿಂಗಡಿಸಿದರೆ, ಓಡುವ ನೀರು ನಿಂತು ಇಂಗುವುದು. ಹೆಚ್ಚಾದುದನ್ನು ಕೃಷಿಹೊಂಡದಲ್ಲಿ ಕೂಡಿಡಬಹುದು. ಒಣಗಿದ ಎರೆ ಬಿರಿದಾಗ ಹಿರಿಯರು ಎಡೆಕುಂಟೆ ಹೊಡೆಯುವುದೇಕೆ? ಬಿರುಕುಗಳು ಮುಚ್ಚಿ, ಮೇಲಿನ ಪುಡಿಮಣ್ಣು ಹೊದಿಕೆಯಂತಾಗಿ, ಆವಿಯಾಗುವಿಕೆ ಕಡಮೆಯಾಗಲೆಂದು. ರೂಢಿಯಲ್ಲಿ ಅಡಗಿರುವ ವಿಜ್ಞಾನವಿದು.

ಹಾಗೆಂದು ತರುಣರನ್ನು ನಾವು ಮರುಳುಗೊಳಿಸಬಾರದು. ಮಳೆಯೇ ಬಾರದಿದ್ದರೆ ಒಡ್ಡು ಏನನ್ನು ತಡೆದೀತು? ಬೆಲೆ ಕುಸಿದರೆ ತುಂಬಿದ ತೆನೆಯೂ ಸಾಲ ತೀರಿಸಲಾರದು. ಒಡ್ಡು ಹೊಂಡಗಳಿಗೆ ಹಣವೂ ಬೇಕು. ವಿದ್ಯೆಯನ್ನರಸಿ ಊರು ಬಿಡುವುದು ತಪ್ಪೂ ಅಲ್ಲ. ಬಿಡದೆ ಗತಿಯಿಲ್ಲವೆಂಬ ಸ್ಥಿತಿಯೇ ತಪ್ಪು.

ಅದನ್ನು ಬದಲಿಸುವ ಕೆಲಸ ಶಾಲೆಯ ಅಂಗಳದಲ್ಲಿಯೇ ಮೊದಲಾಗಬಹುದು. ಒಂದು ಮಳೆಮಾಪಕವನ್ನು ನಿಲ್ಲಿಸಿ, ಪ್ರತಿ ಮಳೆಯನ್ನೂ ಬರೆದಿಡಿರಿ. ಬಿತ್ತನೆಗೆ ಮುನ್ನ ಗುದ್ದಲಿಯಿಂದ ಅಗೆದು, ತೇವವು ಎಷ್ಟು ಆಳಕ್ಕೆ ಇಳಿದಿದೆಯೆಂದು ಅಳೆಯಿರಿ; ಊರಿನವರಿಗೆ ತಿಳಿಸಿರಿ. ಮಳೆ ಬಂದೀತೇ ಎಂದು ಮುಗಿಲನ್ನು ನೋಡುವ ಊರಿನಲ್ಲಿ, ಬಿದ್ದ ಮಳೆ ಹೋಯಿತೆಲ್ಲಿ ಎಂದು ನೆಲವನ್ನು ನೋಡುವವರೂ ಬೇಕು. ಅವರು ನೀವಾಗಬಾರದೇಕೆ?