ಮಗನ ಹೆಸರಿನ ಬಹುಮಾನ

ಹುಡುಗನು ಗಂಟೆಗಟ್ಟಲೆ ಕಂಪ್ಯೂಟರಿನ ಮುಂದೆ ಕುಳಿತು ಆಟವಾಡುತ್ತಿದ್ದರೆ ತಾಯಿತಂದೆಗಳ ಸಹನೆ ಮೀರುವುದು ಸಹಜ. “ಓದುವ ಹೊತ್ತಿನಲ್ಲಿ ಇದೇನು ಹುಚ್ಚು?” ಎಂದು ಗದರಿಸದ ಮನೆ ಅಪೂರ್ವ. ಆ ಗದರಿಕೆಯಲ್ಲಿ ನ್ಯಾಯವಿಲ್ಲವೆಂದು ಸಾಧಿಸುವುದು ಈ ಲೇಖನದ ಉದ್ದೇಶವಲ್ಲ. ಆದರೆ ಪುಸ್ತಕಗಳಲ್ಲಿ ಒಳ್ಳೆಯವೂ ಕೆಟ್ಟವೂ ಇರುವಂತೆಯೇ ವಿಡಿಯೋ ಆಟಗಳಲ್ಲಿಯೂ ಇವೆಯೆಂಬುದನ್ನು, ಒಳ್ಳೆಯವನ್ನು ಆರಿಸಿ ಮನ್ನಿಸುವ ಏರ್ಪಾಡುಗಳು ಲೋಕದಲ್ಲಿವೆಯೆಂಬುದನ್ನು ನಮ್ಮಲ್ಲಿ ಬಹುಮಂದಿ ಅರಿಯರು. ಅಂತಹ ಏರ್ಪಾಡುಗಳಲ್ಲಿ ಒಂದು, ಇಪ್ಪತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡ ತರುಣನೊಬ್ಬನ ಹೆಸರನ್ನು ಹೊತ್ತಿದೆ. ಅದರ ವೃತ್ತಾಂತವನ್ನು ವಾಚಕರ ಮುಂದಿಡುವೆನು.

ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ ವಿಡಿಯೋ ಆಟಗಳನ್ನು ರಚಿಸುವವರ ಮಹಾಸಮ್ಮೇಳನವು ವರ್ಷಕ್ಕೊಮ್ಮೆ ಸೇರುವ ವಾಡಿಕೆ ಬಹುಕಾಲದಿಂದ ನಡೆದುಬಂದಿದೆ. ದೊಡ್ಡ ಕಂಪನಿಗಳು ಹೊರತರುವ ಆಟಗಳಿಗೆ ನೂರಾರು ಕೆಲಸಗಾರರು, ಅಪಾರವಾದ ಹಣ, ಎಲ್ಲೆಲ್ಲಿಯೂ ಜಾಹೀರಾತು. ಒಬ್ಬಿಬ್ಬರೇ ಸೇರಿ, ಮನೆಯ ಒಂದು ಕೋಣೆಯಲ್ಲಿ ಕುಳಿತು ಆಟವನ್ನು ರಚಿಸಿದರೆ ಅದನ್ನು ಕೇಳುವವರು ಯಾರು? ಈ ಕೊರತೆಯನ್ನು ನೀಗಿಸುವುದಕ್ಕಾಗಿ 1998ರಲ್ಲಿ ‘ಇಂಡಿಪೆಂಡೆಂಟ್ ಗೇಮ್ಸ್ ಫೆಸ್ಟಿವಲ್’, ಎಂದರೆ ಸ್ವತಂತ್ರ ಆಟಗಳ ಉತ್ಸವವು, ಸ್ಥಾಪಿತವಾಯಿತು. ಅದರ ಮೊದಲ ಬಹುಮಾನಗಳು 1999ರಲ್ಲಿ ಹಂಚಲ್ಪಟ್ಟವು. ಸಣ್ಣ ಬಂಡವಾಳದ ಚಲಚ್ಚಿತ್ರಗಳಿಗೆ ಸನ್‌ಡಾನ್ಸ್ ಉತ್ಸವವು ಹೇಗೆ ಆಶ್ರಯವೋ, ಸಣ್ಣವರ ಆಟಗಳಿಗೆ ಇದು ಹಾಗಾಗಬೇಕೆಂಬುದು ಸ್ಥಾಪಕರ ಆಶಯವಾಗಿತ್ತು.

ಮರುವರ್ಷ, ಎಂದರೆ 2000ದ ಮಾರ್ಚ್ ತಿಂಗಳಲ್ಲಿ, ಸ್ಯಾನ್ ಹೋಸೆ ನಗರದಲ್ಲಿ ಸಮ್ಮೇಳನವು ನೆರೆಯಿತು. ಆ ಸಲದ ಅತ್ಯುನ್ನತ ಬಹುಮಾನವು ‘ಟ್ರೆಡ್ ಮಾರ್ಕ್ಸ್’ ಎಂಬ ಆಟಕ್ಕೆ ಸಂದಿತು. ಆಟದ ರಚನೆಗೂ ಅದರ ಲೆಕ್ಕದ ಬರವಣಿಗೆಗೂ ಬೇರೆಬೇರೆಯಾಗಿ ಇಟ್ಟಿದ್ದ ಬಹುಮಾನಗಳನ್ನೂ ಅದೇ ಗೆದ್ದುಕೊಂಡಿತು. ಅದನ್ನು ಮಾಡಿದವನು ಕೆನಡಾ ದೇಶದ ಷೇಮಸ್ ಮೆಕ್‌ನಾಲಿ. ‘ಲಾಂಗ್‌ಬೋ ಡಿಜಿಟಲ್ ಆರ್ಟ್ಸ್’ ಎಂಬ ಅವನ ಸಂಸ್ಥೆಯು ದೊಡ್ಡ ಕಾರ್ಖಾನೆಯೇನೂ ಅಲ್ಲ. ಮನೆಮಂದಿಯೇ ಸೇರಿ ನಡೆಸುತ್ತಿದ್ದ ಸಣ್ಣ ಉದ್ಯೋಗ. ಆಗ ಅವನಿಗೆ ವಯಸ್ಸು ಇಪ್ಪತ್ತೊಂದು. ಹಾಡ್ಜ್‌ಕಿನ್ ಲಿಂಫೋಮ ಎಂಬ ಕ್ಯಾನ್ಸರ್ ಅವನ ದೇಹವನ್ನು ಹಿಡಿದಿತ್ತು. ಬಹುಮಾನವು ಬಂದ ಸಂತೋಷ ಆರುವ ಮೊದಲೇ, ಮಾರ್ಚ್ 21ರಂದು, ಅವನು ಕಾಲವಾದನು. ಮುಂದಿನ ವರ್ಷದಿಂದ ಉತ್ಸವದ ಅತ್ಯುನ್ನತ ಬಹುಮಾನಕ್ಕೆ ಅವನ ಹೆಸರನ್ನೇ ಇಟ್ಟರು. ಅಂದಿನಿಂದ ಗೆದ್ದವರೆಲ್ಲರೂ ಪಡೆದುದು ‘ಷೇಮಸ್ ಮೆಕ್‌ನಾಲಿ ಮಹಾಬಹುಮಾನ’ವನ್ನು.

ಇಲ್ಲಿ ‘ರಚನೆ’ ಎಂಬ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಚೌಕಾಬಾರವನ್ನು ನೆನೆಯಿರಿ. ನೆಲದ ಮೇಲೆ ಸೀಮೆಸುಣ್ಣದಿಂದ ಬರೆದ ಇಪ್ಪತ್ತೈದು ಮನೆ, ನಾಲ್ಕು ಕವಡೆ, ಕೆಲವು ಬಳೆಚೂರು: ಇಷ್ಟೇ ಸಾಮಗ್ರಿ. ಆದರೂ ಹಣ್ಣಾಗಲಿರುವ ಕಾಯಿ ಹೊಡೆತ ತಿಂದು ಹಿಂದಕ್ಕೆ ಬಂದಾಗ ಅಜ್ಜಿಗೂ ಮೊಮ್ಮಗನಿಗೂ ಜಗಳವಾಗುವಷ್ಟು ರಸ ಅದರಲ್ಲಿದೆ. ಆ ರಸವು ಕವಡೆಯಲ್ಲಿಲ್ಲ, ನಿಯಮದಲ್ಲಿದೆ. ವಿಡಿಯೋ ಆಟದಲ್ಲಿಯೂ ಹಾಗೆಯೇ. ಚಿತ್ರಗಳ ಥಳಕು ಕಣ್ಣನ್ನು ಸೆಳೆಯಬಹುದು; ಆಡುವವನು ಏನನ್ನು ಮಾಡಬೇಕಾಗುವುದು, ಮಾಡಿದುದಕ್ಕೆ ಫಲವೇನಾಗುವುದು ಎಂಬ ಕಟ್ಟಳೆಯೇ ಆಟದ ಜೀವ. ‘ಟ್ರೆಡ್ ಮಾರ್ಕ್ಸ್’ ಆಟದಲ್ಲಿ ಯುದ್ಧದ ಟ್ಯಾಂಕುಗಳು ಪಂದ್ಯವಾಗಿ ಓಡುವುವು. ಗುಂಡು ಬಿದ್ದ ಕಡೆ ನೆಲವು ಹಳ್ಳವಾಗುವುದು. ಎದುರಾಳಿಯನ್ನು ಕೆಡಹಲು ನಾನು ತೋಡಿದ ಹಳ್ಳವು ಮುಂದಿನ ಸುತ್ತಿನಲ್ಲಿ ನನ್ನ ದಾರಿಗೇ ಅಡ್ಡವಾಗಬಹುದು! ಒಂದೇ ನಿಯಮ, ಆದರೆ ಆಟವೆಲ್ಲವೂ ಅದರಿಂದ ಬೇರೆಯಾಗುವುದು.

ತರುವಾಯದ ವಿಜೇತರನ್ನು ನೋಡಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುವುದು. 2013ರಲ್ಲಿ ಮೂವತ್ತು ಸಾವಿರ ಡಾಲರುಗಳ ಮಹಾಬಹುಮಾನವು ರಿಚರ್ಡ್ ಹಾಫ್‌ಮೈಯರ್ ಎಂಬಾತನ ‘ಕಾರ್ಟ್ ಲೈಫ್’ ಆಟಕ್ಕೆ ದೊರೆಯಿತು. ಬೀದಿಯಲ್ಲಿ ಗಾಡಿಯಿಟ್ಟು ವ್ಯಾಪಾರ ಮಾಡುವ ಬಡವರ ಬದುಕೇ ಅದರ ವಸ್ತು. ಕಾಫಿಯ ಗಾಡಿಯಿಡುವ ತಾಯಿಯೊಬ್ಬಳು ಗಿರಾಕಿಗಳನ್ನೂ ನೋಡಿಕೊಳ್ಳಬೇಕು, ಮಗಳ ಶಾಲೆಯ ಹೊತ್ತನ್ನೂ ಮರೆಯಬಾರದು. ಗಡಿಯಾರವು ಯಾರಿಗೂ ಕಾಯುವುದಿಲ್ಲ. ಚಿತ್ರಗಳು ಬರಿಯ ಬೂದುಬಣ್ಣದವು. ಆದರೂ ಸಂಸಾರದ ಭಾರವೇನೆಂಬುದು ಆಡುವವನ ಬೆರಳುಗಳಿಗೇ ತಿಳಿದುಬರುವುದು. ಹಾಫ್‌ಮೈಯರನು ಆ ಸಲ ಮಾಡಿದ ಕೆಲಸವೊಂದು ನೆನಪಿಡತಕ್ಕದ್ದು. ಸಮ್ಮೇಳನದಲ್ಲಿ ತನ್ನ ಆಟವನ್ನು ತೋರಿಸಲು ಕೊಟ್ಟಿದ್ದ ಮಳಿಗೆಯ ಮೇಲೆ ಬಣ್ಣದಿಂದ ‘ಹೌಲಿಂಗ್ ಡಾಗ್ಸ್’ ಎಂದು ಬರೆದು, ಇನ್ನೊಬ್ಬರು ರಚಿಸಿದ ಆ ಆಟವನ್ನು ಬಂದವರಿಗೆ ತೋರಿಸಿದನು. ತನಗೆ ಬಂದ ಕೀರ್ತಿಯ ನೆರಳಿನಲ್ಲಿ ಮತ್ತೊಬ್ಬರಿಗೂ ಜಾಗ ಮಾಡಿಕೊಟ್ಟ ಔದಾರ್ಯವಿದು.

2014ರಲ್ಲಿ ಗೆದ್ದ ‘ಪೇಪರ್ಸ್, ಪ್ಲೀಸ್’ ಎಂಬುದು ಲೂಕಸ್ ಪೋಪ್ ಒಬ್ಬನೇ ರಚಿಸಿದ ಆಟ. ಕಲ್ಪಿತ ದೇಶವೊಂದರ ಗಡಿಯಲ್ಲಿ ರಹದಾರಿಗಳನ್ನು ಪರೀಕ್ಷಿಸುವ ಗುಮಾಸ್ತನ ಕೆಲಸ ಆಡುವವನದು. ಪತ್ರದಲ್ಲಿ ದೋಷವಿದ್ದವರನ್ನು ಒಳಗೆ ಬಿಟ್ಟರೆ ದಂಡ. ದಂಡವಾದರೆ ಮನೆಯವರಿಗೆ ಊಟ, ಬೆಂಕಿ, ಔಷಧಗಳಿಗೆ ಹಣ ಸಾಲದು. ಎದುರಿಗೆ ನಿಂತವಳು ಕಣ್ಣೀರಿಡುತ್ತಿರುವಾಗ ದಯೆ ತೋರಬೇಕೆ, ಮನೆಯ ಮಗುವನ್ನು ನೆನೆಯಬೇಕೆ? ಧರ್ಮಸಂಕಟವೆಂದರೆ ಇದಲ್ಲವೆ? ಅದೇ ಪೋಪನು 2019ರಲ್ಲಿ ‘ರಿಟರ್ನ್ ಆಫ್ ದಿ ಓಬ್ರಾ ಡಿನ್’ ಎಂಬ ಆಟದಿಂದ ಈ ಬಹುಮಾನವನ್ನು ಮತ್ತೆ ಪಡೆದನು. 1807ರಲ್ಲಿ ಆಳಿಲ್ಲದೆ ದಡ ಸೇರಿದ ಹಡಗಿನೊಳಗೆ ಹೋಗಿ, ಅರುವತ್ತು ಮಂದಿಗೆ ಏನಾಯಿತೆಂದು ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯು ತರ್ಕದಿಂದ ಕಂಡುಹಿಡಿಯಬೇಕಾದ ಆಟವದು.

2024ರಲ್ಲಿ ಗೆದ್ದ ಆಟದ ಮಾತಂತೂ ನಮ್ಮ ಗೃಹಿಣಿಯರಿಗೆ ವಿಶೇಷವಾಗಿ ಹಿಡಿಸುವುದು. ಅದರ ಹೆಸರು ‘ವೆಣ್ಬಾ’. ತಮಿಳಿನ ಒಂದು ಪ್ರಾಚೀನ ಛಂದಸ್ಸಿನ ಹೆಸರೂ ಅದೇ. ಕೆನಡಾದ ಟೊರಾಂಟೋ ನಗರದ ಸಣ್ಣ ಸಂಸ್ಥೆಯೊಂದು ಅದನ್ನು 2023ರಲ್ಲಿ ಹೊರತಂದಿತು. 1980ರ ದಶಕದಲ್ಲಿ ತಮಿಳುನಾಡಿನಿಂದ ಹೋಗಿ ಕೆನಡಾದಲ್ಲಿ ನೆಲೆಸಿದ ಹೆಣ್ಣುಮಗಳೊಬ್ಬಳು ಅದರ ನಾಯಿಕೆ. ತಾಯಿ ಕೊಟ್ಟ ಅಡುಗೆಯ ಪುಸ್ತಕ ಅವಳ ಬಳಿಯಿದೆ. ಆದರೆ ಪುಟಗಳು ಹರಿದಿವೆ, ಅಕ್ಷರಗಳು ಅಳಿಸಿವೆ. ಉಳಿದ ಮಾತುಗಳಿಂದಲೂ ತನ್ನ ನೆನಪಿನಿಂದಲೂ ಅಡುಗೆಯನ್ನು ಸರಿಪಡಿಸುವುದೇ ಆಟ. ಇಡ್ಲಿಯ ತಟ್ಟೆಗಳನ್ನು ಯಾವ ರೀತಿಯಲ್ಲಿ ಜೋಡಿಸಿದರೆ ಹಬೆ ಸರಿಯಾಗಿ ಹಾಯುವುದೆಂಬುದು ಅಲ್ಲಿ ಬಿಡಿಸಬೇಕಾದ ಒಗಟು! ನಮ್ಮ ಮನೆಗಳಲ್ಲಿ ದಿನವೂ ಬೆಳಗ್ಗೆ ಯಾರೂ ಗಮನಿಸದೆ ನಡೆಯುವ ಜಾಣ್ಮೆಯು ಹೀಗೆ ದೂರದೇಶದ ವೇದಿಕೆಯಲ್ಲಿ ಗೌರವ ಪಡೆಯಿತು. ಇತ್ತ ಮಗನು ಬೆಳೆಯುವನು. ತಾಯಿಯ ಮಾತಿಗೆ ಇಂಗ್ಲಿಷಿನಲ್ಲಿ ಉತ್ತರ ಕೊಡುವನು. ಮನೆಯ ಊಟಕ್ಕೂ ನಾಚುವನು. ಮುಂದೆ ಅದೇ ಪುಸ್ತಕವು ಅವನ ಕೈಗೆ ಬರುವುದು. ಪರದೇಶದಲ್ಲಿ ಮಕ್ಕಳನ್ನು ಬೆಳೆಸಿದ ಯಾವ ತಾಯಿಗೆ ಈ ಕಥೆ ಅಪರಿಚಿತ?

ಇಷ್ಟನ್ನು ಅರಿತಮೇಲೆ ಮನೆಯ ಹುಡುಗನು ಆಟದ ಮುಂದೆ ಕುಳಿತಾಗ ತಾಯಿತಂದೆಗಳು ಮಾಡಬೇಕಾದುದೇನು? ಹೊತ್ತಿಗೆ ಮಿತಿಯನ್ನು ಹಾಕಲೇಬೇಕು. ಊಟ, ನಿದ್ರೆ, ಪಾಠಗಳು ಕೆಡಕೂಡದು. ಆದರೆ ಅದರೊಡನೆ ಒಂದು ಪ್ರಶ್ನೆಯನ್ನೂ ಕೇಳಬಹುದು: “ಮಗು, ಈ ಆಟವು ನಿನ್ನಿಂದ ಏನನ್ನು ಮಾಡಿಸುತ್ತದೆ?” ಬರಿಯ ಗುಂಡಿಯನ್ನು ಒತ್ತಿಸಿ, ಮತ್ತೆ ಮತ್ತೆ ಹಣವನ್ನು ಕೀಳುವ ಆಟವೊ, ಆಲೋಚನೆಯನ್ನೂ ಅನುಕಂಪವನ್ನೂ ಹುಟ್ಟಿಸುವ ಆಟವೊ ಎಂಬುದು ಉತ್ತರದಿಂದಲೇ ತಿಳಿಯುವುದು. ಉತ್ತರವನ್ನು ಹುಡುಕುವಾಗ ಹುಡುಗನೂ ವಿಮರ್ಶಕನಾಗುವನು; ಒಂದು ದಿನ ರಚಿಸುವವನೂ ಆದಾನು.

ಷೇಮಸನ ಮನೆಯವರು ಅವನ ಮರಣದಿಂದ ಕೈಚೆಲ್ಲಿ ಕೂರಲಿಲ್ಲ. ಸಂಸ್ಥೆಯು ಮುಂದುವರಿದು, 2010ರಲ್ಲಿ ಪ್ರಾಚೀನ ಮಕೆಡೋನಿಯದ ಫಿಲಿಪ್ ರಾಜನ ಕಥೆಯುಳ್ಳ ಆಟವೊಂದನ್ನು ಹೊರತಂದಿತು. 2017ರಲ್ಲಿ ‘ಟ್ರೆಡ್ ಮಾರ್ಕ್ಸ್’ ಆಟದ ಮೂಲ ಬರವಣಿಗೆಯನ್ನು, ಬೇಕಾದವರು ಓದಿ ಕಲಿಯಲೆಂದು, ಎಲ್ಲರಿಗೂ ಬಿಟ್ಟುಕೊಡಲಾಯಿತು. ಇಪ್ಪತ್ತೊಂದು ವರ್ಷದ ಹುಡುಗನು ಬರೆದ ಆ ಸಾಲುಗಳನ್ನು ಅವನನ್ನು ಎಂದೂ ಕಾಣದ ಹುಡುಗರು ಇಂದು ತೆರೆದು ಓದಬಹುದು.